ರಿಲಾ ಪರ್ವತದ ಏಳು ಸರೋವರಗಳು

ಬಲ್ಗೇರಿಯಾದ ನೈಋತ್ಯಕ್ಕೆ ರಿಲಾ ಎಂಬ ಪರ್ವತಶ್ರೇಣಿಯಿದೆ. ಬಾಲ್ಕನ್ ಪ್ರದೇಶದಲ್ಲೆಲ್ಲ ಅತ್ಯುನ್ನತವಾದ ಮುಸಾಲಾ ಶಿಖರ (2,925 ಮೀಟರ್) ಇದರದೇ. ಆದರೆ ನಮ್ಮನ್ನು ಅಲ್ಲಿಗೆ ಸೆಳೆದುದು ಶಿಖರವಲ್ಲ. ಬೆಟ್ಟದ ಮಡಿಲಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕುಳಿತಿರುವ ಏಳು ಸರೋವರಗಳು.

ಹಿಂದೆ ಪಾನಿಚಿಷ್ಟೆಯ ಕಾಡಿನಿಂದ ನಡೆದೇ ಏರಬೇಕಾಗಿದ್ದಿತು. 2009ರಲ್ಲಿ ತಂತಿಯ ಮೇಲೆ ತೂಗಿಕೊಂಡು ಸಾಗುವ ಕುರ್ಚಿಗಳು ಬಂದವು. ಮಂಡಿನೋವಿನ ನನ್ನ ಶ್ರೀಮತಿಯವರು ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು, ಕಣ್ಣು ಮುಚ್ಚಿ, ಪೈನ್ ಮರಗಳ ನೆತ್ತಿಯ ಮೇಲೆ ತೇಲಿಬಂದರು. ಇಳಿಯುವ ತಾಣದಿಂದ ಮುಂದೆ ಕಾಲ್ನಡಿಗೆಯೇ ಗತಿ.

ಹಿಮಯುಗದಲ್ಲಿ ಹಿಮನದಿಗಳು ಬೆಟ್ಟದ ಮೈಯನ್ನು ಕೊರೆದು ಬಟ್ಟಲುಗಳನ್ನು ಮಾಡಿಟ್ಟುಹೋದವು. ಹಿಮ ಕರಗಿದ ಮೇಲೆ ಅವುಗಳಲ್ಲಿ ನೀರು ನಿಂತಿತು. ಎಲ್ಲಕ್ಕಿಂತ ಕೆಳಗಿನದು ಸುಮಾರು 2,100 ಮೀಟರ್ ಎತ್ತರದಲ್ಲಿ, ಮೇಲಿನದು 2,535 ಮೀಟರ್ ಎತ್ತರದಲ್ಲಿ. ಪುಟ್ಟ ತೊರೆಗಳು ಇವನ್ನು ಒಂದಕ್ಕೊಂದು ಹೆಣೆದಿವೆ. ಹೆಸರುಗಳೂ ಸೊಗಸು: ದೊಲ್ನೊತೊ ಎಂದರೆ ಕೆಳಗಿನದು, ರಿಬ್ನೊತೊ ಎಂದರೆ ಮೀನಿನದು, ತ್ರಿಲಿಸ್ತ್ನಿಕಾ ಎಂದರೆ ಮೂರೆಲೆ. (ನಾವಾಗಿದ್ದರೆ ಬಿಲ್ವಸರೋವರವೆಂದು ಕರೆದು ದಡದಲ್ಲೊಂದು ಗುಡಿ ಕಟ್ಟುತ್ತಿದ್ದೆವು.) ಬ್ಲಿಜ್ನಾಕಾ ಅವಳಿ, ವಿಸ್ತಾರದಲ್ಲಿ ಎಲ್ಲಕ್ಕಿಂತ ದೊಡ್ಡದು. ಬಬ್ರೆಕಾ ಮೂತ್ರಪಿಂಡ. ಅದರ ಮೇಲೆ ಓಕೋತೊ, ಅಂದರೆ ಕಣ್ಣು, 37.5 ಮೀಟರ್ ಆಳ. ತುತ್ತತುದಿಯಲ್ಲಿ ಸಲ್ಜಾತಾ, ಕಣ್ಣೀರು. ತನ್ನ ಗಂಡನನ್ನು ಕಳೆದುಕೊಂಡ ದೈತ್ಯಸ್ತ್ರೀಯೊಬ್ಬಳ ಕಂಬನಿಯೇ ಸರೋವರಗಳಾದುವೆಂದು ಅಲ್ಲಿನ ಜನ ಕಥೆ ಹೇಳುತ್ತಾರೆ.

ಬಬ್ರೆಕಾದ ಬಳಿಯ ಹುಲ್ಲುಗಾವಲಿನಲ್ಲಿ ಪ್ರತಿ ಆಗಸ್ಟಿನಲ್ಲಿ ಪೀಟರ್ ದಾನೋವ್ (1864-1944) ಎಂಬ ಗುರುವಿನ ಅನುಯಾಯಿಗಳು ಬಿಳಿಯುಡುಗೆ ತೊಟ್ಟು ವೃತ್ತಾಕಾರವಾಗಿ ನರ್ತಿಸುತ್ತಾರೆ. ನಾವು ಹೋದುದು ಜುಲೈನಲ್ಲಿ. ಹುಲ್ಲಿನ ಮೇಲೆ ನಮ್ಮಂಥ ಬುತ್ತಿಗಂಟಿನವರೇ ಇದ್ದರು. ಶ್ರೀಮತಿಯವರು ಅಲ್ಲಿಯೇ ಶಾಲು ಹೊದ್ದು ಕುಳಿತರು. ಮುಂದಿನ ಏರು ಕಡಿದಾದುದು. ಆದರೆ ಹೆಸರುಗಳ ಅರ್ಥ ಆಗುವುದು ಅದನ್ನು ಹತ್ತಿದವನಿಗೇ. ದಡದಲ್ಲಿ ನಿಂತವನಿಗೆ ಅದು ಬರಿಯ ನೀರು. ಕಣ್ಣೀರಿನ ಮೇಲಣ ದಿಣ್ಣೆಯಿಂದ ನೋಡಿದರೆ ಕಣ್ಣು ಕಣ್ಣಾಗಿಯೇ ಕಾಣುತ್ತದೆ.

ಅಲ್ಲಿಂದಲೇ ಇನ್ನೊಂದೂ ಕಂಡಿತು. ಒಂದು ಕಾಲುದಾರಿ ಹಲವಾಗಿ ಕವಲೊಡೆದು, ಹಸುರಿನ ಮೇಲೆ ಬೋಳು ಗೆರೆಗಳನ್ನು ಎಳೆದಿದ್ದಿತು. ಕೆಸರನ್ನು ತಪ್ಪಿಸಲು ಪ್ರತಿಯೊಬ್ಬರೂ ಒಂದು ಹೆಜ್ಜೆ ಪಕ್ಕಕ್ಕೆ ಇಡುತ್ತಾರೆ. ಬೆಟ್ಟದ ಬೇಸಿಗೆ ಮೊಟಕು, ತುಳಿದ ಹುಲ್ಲು ಬೇಗ ಚಿಗುರುವುದಿಲ್ಲ. ಬರಿದಾದ ಮಣ್ಣನ್ನು ಮಳೆ ಕೊಳಕ್ಕೆ ಇಳಿಸುತ್ತದೆ. ಮೇಲಿನ ಕೊಳ ಕದಡಿದರೆ ಅದು ಕೆಳಗಿನವುಗಳಿಗೂ ಹರಿಯುವುದು. 1992ರಲ್ಲಿಯೇ ಇದು ರಾಷ್ಟ್ರೀಯ ಉದ್ಯಾನವಾಗಿದೆ, ನಿಜ. ತಂತಿಯ ಕುರ್ಚಿಗಳು ಬಾರದಿದ್ದರೆ ಈ ಜನಸಂದಣಿಯಿಲ್ಲ ಎನ್ನುವವರ ಮಾತು ನನಗೆ ಅರ್ಥವಾಗುತ್ತದೆ. ಆದರೆ ಕೆಳಗೆ ಶಾಲು ಹೊದ್ದು ಕುಳಿತಾಕೆಯನ್ನು ನೋಡುತ್ತ ಅದಕ್ಕೆ ತಲೆದೂಗಲು ನನ್ನಿಂದಾಗಲಿಲ್ಲ. ಕುರ್ಚಿ ಇರಲಿ, ದಾರಿಗೆ ಕಲ್ಲು ಹಾಸಲಿ, ದಿನಕ್ಕಿಷ್ಟೇ ಮಂದಿ ಎಂದು ಎಣಿಸಲಿ ಎಂಬುದೇ ನನ್ನ ಮತ.

ಇಳಿಯುವಾಗ ಇಬ್ಬರೂ ಕೆಸರಿನಲ್ಲೇ ನಡೆದೆವು. ಶ್ರೀಮತಿಯವರ ಬೂಟುಗಳ ಬಣ್ಣವೇ ಗುರುತು ಸಿಗದಂತಾಯಿತು. ಕೆಳಗಿನ ಸರೋವರದಿಂದ ಹೊರಬಿದ್ದ ನೀರು ಜೆರ್ಮನ್ ಎಂಬ ಹೊಳೆಯಾಗಿ, ಸ್ತ್ರುಮಾ ನದಿಯನ್ನು ಸೇರಿ ಏಜಿಯನ್ ಸಮುದ್ರಕ್ಕೆ ಹೋಗುತ್ತದಂತೆ. ಅಲ್ಲಿ ಅದು ಇನ್ನೂ ಒಂದು ಹೆಜ್ಜೆಗೆ ದಾಟುವಷ್ಟೇ ಅಗಲವಾಗಿದ್ದಿತು.