ದುಡ್ಡು ಕೊಡದ ಬಳ್ಳಿ

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಊರು ಝಳಕಿ. ಹೆಸರಿನಲ್ಲೇ ಝಳವಿದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದರೆ ನಿಂಬೆಯ ತೋಟಕ್ಕೂ ನೀರು ಹೊಂದಿಸುವುದು ಕಷ್ಟ. ಆದರೂ ಇಲ್ಲಿಯ ಪಡಸಾಲೆಗಳ ಮಾಡದಲ್ಲಿ, ಟಿ.ವಿ. ಪಕ್ಕದಲ್ಲಿ, ಹಳೆಯ ಬಾಟಲಿಯೊಳಗೆ ಒಂದು ಬಳ್ಳಿ ಹಸಿರಾಗಿರುತ್ತದೆ. ಅದೇ ಮನಿ ಪ್ಲಾಂಟ್.

ಕೊಂಡು ತಂದರೆ ಬೆಳೆಯುವುದಿಲ್ಲ, ನೆರೆಮನೆಯಿಂದ ಕದ್ದು ತರಬೇಕು ಎನ್ನುತ್ತಾರೆ. ಒಣಗಿದರೆ ಲಕ್ಷ್ಮಿ ಹೋದಳೆಂದು ಹೆದರುತ್ತಾರೆ. ಬಳ್ಳಿಗೆ ಕಳ್ಳತನವೂ ಗೊತ್ತಿಲ್ಲ, ದುಡ್ಡೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಗೆಣ್ಣು. ಚಿಗುರು ಒಡೆಯುವುದು ಗೆಣ್ಣಿನಲ್ಲಿ. ಗೆಣ್ಣಿಲ್ಲದ ಬರೀ ಎಲೆ ನೀರಿನಲ್ಲಿ ಬೇರು ಬಿಟ್ಟರೂ ಬಳ್ಳಿಯಾಗುವುದಿಲ್ಲ. ನೆರೆಮನೆಯ ಬಳ್ಳಿ ಆಗಲೇ ಈ ಊರಿನ ಒಣಗಾಳಿಗೆ ಒಗ್ಗಿರುತ್ತದೆ. ಕೇಳಿ ತಂದರೂ ಅಷ್ಟೇ ಚೆನ್ನಾಗಿ ಬೆಳೆಯುತ್ತದೆ.

ಇದರ ತವರು ಪೆಸಿಫಿಕ್ ಸಾಗರದ ಮೊರೆಯಾ ಎಂಬ ದ್ವೀಪ. ಶಾಸ್ತ್ರೀಯ ಹೆಸರು ಎಪಿಪ್ರೆಮ್ನಮ್ ಆರಿಯಮ್. ಆರಿಯಮ್ ಎಂದರೆ ಬಂಗಾರದ ಬಣ್ಣದ್ದು. ಬಿಸಿಲು ಸೋಸಿ ಬೀಳುವ ತೇವದ ಕಾಡಿನಲ್ಲಿ ಅದು ಮರ ಹತ್ತುತ್ತದೆ. ಹತ್ತಿದಂತೆ ಎಲೆ ದೊಡ್ಡದಾಗಿ ಸೀಳುತ್ತದೆ. ಇಳಿಬಿಟ್ಟರೆ ಎಲೆ ಚಿಕ್ಕದಾಗಿಯೇ ಉಳಿಯುತ್ತದೆ. ಈ ಬಳ್ಳಿ ಹೂ ಬಿಡುವುದು ಬಹಳ ಅಪರೂಪ. ಜಿಬ್ಬರೆಲಿನ್ ಎಂಬ ಚೋದಕದ ಕೊರತೆಯೇ ಇದಕ್ಕೆ ಕಾರಣವೆಂದು 2016ರಲ್ಲಿ ವಿಜ್ಞಾನಿಗಳು ತೋರಿಸಿದರು. ಆದ್ದರಿಂದ ಅದು ಮನೆಯಿಂದ ಮನೆಗೆ ತುಂಡಾಗಿಯೇ ಬಂದಿದೆ.

ಕಾಡಿನ ಆ ನೆರಳನ್ನು ಝಳಕಿಯ ಮನೆಯಲ್ಲಿ ಹೇಗೆ ಕೊಡುವುದು? ಬೆಳಕು ಬೇಕು, ನೇರ ಬಿಸಿಲು ಬೇಡ. ಪಡುವಣ ಕಿಟಕಿಯ ಮಧ್ಯಾಹ್ನದ ಬಿಸಿಲಿಗೆ ಎಲೆ ಸುಡುತ್ತದೆ. ಕತ್ತಲ ಮೂಲೆಯಲ್ಲಿಟ್ಟರೆ ಎಲೆಯ ಹಳದಿ ಪಟ್ಟೆ ಮಾಯವಾಗುತ್ತದೆ. ಕುಂಡದಲ್ಲಿ ಬರೀ ಎರೆಮಣ್ಣು ತುಂಬಿದರೆ ನೀರು ನಿಂತು, ಗಾಳಿಯಿಲ್ಲದೆ ಬೇರು ಕೊಳೆಯುತ್ತದೆ. ಮರಳು, ತಿಪ್ಪೆಗೊಬ್ಬರ ಬೆರೆಸಬೇಕು. ಬೆರಳಿಟ್ಟು ನೋಡಿ, ಮೇಲ್ಮಣ್ಣು ಒಣಗಿದ್ದರೆ ಮಾತ್ರ ನೀರು. ಸವಳು ನೀರಾದರೆ ಕುಂಡದ ಅಂಚಿಗೆ ಬಿಳಿ ಉಪ್ಪು ಕೂಡುತ್ತದೆ. ಮಳೆನೀರು ಹಿಡಿದಿಟ್ಟು ಹಾಕಿದರೆ ಒಳ್ಳೆಯದು.

ಇಷ್ಟೆಲ್ಲ ಆದರೂ ಬಾಟಲಿಯ ನೀರಿನ ಮಾತು ಬೇರೆ. ಊರಿನ ಒಂದು ಮನೆಯಲ್ಲಿ ಏಳನೆಯ ಇಯತ್ತೆಯ ಹುಡುಗಿ ಬಾಟಲಿಯನ್ನು ಬೆಳಕಿಗೆ ಹಿಡಿದಳು.

“ಆಯಿ, ಇದರಾಗ ಹುಳ ಕುಣ್ಯಾಕತ್ತಾವ! ನೀರ ಚೆಲ್ಲಲೇನು?”

“ಬ್ಯಾಡವ್ವ, ಲಕ್ಷ್ಮಿ ಗಿಡದ ನೀರು ಚೆಲ್ಲಬಾರದು.”

ಹಿಂದಿನ ಮಳೆಗಾಲದಲ್ಲಿ ಆಕೆಯ ತಮ್ಮ ಡೆಂಗಿ ಜ್ವರದಿಂದ ಹಾಸಿಗೆ ಹಿಡಿದಿದ್ದ. ಅದು ಈ ಬಾಟಲಿಯ ಸೊಳ್ಳೆಯಿಂದಲೇ ಬಂದಿತೆಂದು ಯಾರೂ ಹೇಳಲಾರರು. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ಇಂಥದೇ ನಿಂತ ತಿಳಿನೀರು. ಮೊಟ್ಟೆ ಸೊಳ್ಳೆಯಾಗಲು ಸುಮಾರು 8-10 ದಿನ ಸಾಕು. ಹುಡುಗಿ ಯೋಚಿಸಿ, “ಚೆಲ್ಲೂದಿಲ್ಲ ಆಯಿ, ಬೇವಿನ ಗಿಡದ ಬುಡಕ್ಕ ಹಾಕ್ತೀನಿ” ಎಂದಳು. ಆಯಿ ಒಂದು ಗಳಿಗೆ ಸುಮ್ಮನಿದ್ದು, “ಹಂಗಾದ್ರ ಹಾಕವ್ವ” ಎಂದರು. ನೀರು ಮಣ್ಣಿಗಿಳಿಯಿತು, ಹುಳಗಳಿಗೆ ಬದುಕಲು ನೀರು ಉಳಿಯಲಿಲ್ಲ. ನೀರಿನ ಬರವಿರುವ ಊರಿನಲ್ಲಿ ಬೇವಿಗೂ ಒಂದು ತಂಬಿಗೆ ಸಿಕ್ಕಿತು.

ನೀರು ಬದಲಿಸಿದರಷ್ಟೇ ಸಾಲದು. ಈಡಿಸ್ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಗೋಡೆಗೆ. ಒಣಗಿದರೂ ಅವು ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು. ಆದ್ದರಿಂದ ಪ್ರತಿ ಭಾನುವಾರ ಬಾಟಲಿ ಬರಿದು ಮಾಡಿ, ಒಳಗೋಡೆಯನ್ನು ಬ್ರಶ್ಶಿನಿಂದ ತಿಕ್ಕಿ, ಹೊಸ ನೀರು ತುಂಬಿ, ಬಾಯಿಗೆ ಅರಳೆ ತುರುಕಬೇಕು. ಕೆಸುವಿನಂತೆ ಈ ಎಲೆಯಲ್ಲೂ ಸೂಜಿಯಂಥ ಹರಳುಗಳಿವೆ. ಕಚ್ಚಿದರೆ ಬಾಯಿ ಉರಿದು ಬಾಯುತ್ತದೆ. ಅಂಬೆಗಾಲಿಡುವ ಕೂಸಿಗೆ ಎಟುಕದಂತೆ ಇಡಬೇಕು.

ಪಾಲಕರು ಈ ಭಾನುವಾರದ ಕೆಲಸವನ್ನು ಮಕ್ಕಳಿಗೇ ಬಿಟ್ಟುಕೊಡಲಿ. ಜೊತೆಗೆ ಇನ್ನೊಂದು ಕೆಲಸ: ಒಂದೇ ಬಳ್ಳಿಯ ಎರಡು ತುಂಡುಗಳನ್ನು ಎರಡು ಕುಂಡಗಳಲ್ಲಿ ನೆಟ್ಟು, ಒಂದನ್ನು ಗೋಣಿತಟ್ಟು ಸುತ್ತಿದ ಕೋಲಿಗೆ ಹತ್ತಿಸಿ, ಇನ್ನೊಂದನ್ನು ಇಳಿಬಿಡಲಿ. ತಿಂಗಳಿಗೊಮ್ಮೆ ಹೊಸ ಎಲೆಯ ಉದ್ದ ಅಗಲ ಅಳೆದು ತಾರೀಖಿನ ಸಮೇತ ಬರೆದಿಡಲಿ. ಮೊರೆಯಾದ ಕಾಡಿನ ಮಾತು ಝಳಕಿಯ ಪಡಸಾಲೆಯಲ್ಲಿ ಎಷ್ಟು ನಿಜವೆಂದು ಅಳತೆಪಟ್ಟಿಯೇ ಹೇಳುತ್ತದೆ.