ಹಿಮದ ನಾಡಿನಲ್ಲಿ ಅಗ್ಗದ ಟೈರು

ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಇಂದು ಜರ್ಮನಿ, ಕೆನಡಾ ಮೊದಲಾದ ಶೀತದೇಶಗಳಲ್ಲಿ ನೆಲೆಸಿದ್ದಾರೆ. ಅವರ ಊಟ-ಉಡುಗೆ, ಲಿಂಗಪೂಜೆಗಳ ಬಗೆಗೆ ಇಲ್ಲಿನ ತಾಯಿತಂದೆಗಳು ತಪ್ಪದೆ ವಿಚಾರಿಸುತ್ತಾರೆ. ಅವರ ಕಾರಿನ ಟೈರಿನ ಬಗೆಗೆ ಮಾತ್ರ ಯಾರೂ ಕೇಳುವುದಿಲ್ಲ. ಮಠದಲ್ಲಿ ವ್ಯಾಕರಣವನ್ನೂ ವಚನಶಾಸ್ತ್ರವನ್ನೂ ಓದಿದವರಿಗೆ ಟೈರಿನ ಗೊಡವೆಯೇಕೆ ಎಂದು ಓದುಗ ಬಂಧುಗಳು ನಗಬಹುದು. ಜರ್ಮನಿಯ ಬವೇರಿಯಾ ರಾಜ್ಯದಲ್ಲಿ, ಭಕ್ತರೊಬ್ಬರ ಮನೆಯಲ್ಲಿ, ನಾವು ಒಂದು ಚಳಿಗಾಲವನ್ನು ಕಳೆಯುವ ಸಂದರ್ಭ ಒದಗಿತು. ಆ ಮನೆಯಲ್ಲಿ ನಡೆದ ಚರ್ಚೆಯೇ ಈ ಬರಹಕ್ಕೆ ಕಾರಣ.

ಉಷ್ಣತೆಯು ಸುಮಾರು 7 ಡಿಗ್ರಿಗಿಂತ ಕೆಳಗಿಳಿದಂತೆ ಬೇಸಿಗೆಯ ಟೈರಿನ ರಬ್ಬರು ಬಿರುಸಾಗುತ್ತ ಹೋಗುತ್ತದೆ, ರಸ್ತೆಯ ಮೇಲಿನ ಅದರ ಹಿಡಿತ ಸಡಿಲವಾಗುತ್ತದೆ. ಚಳಿಗಾಲದ ಟೈರಿನ ರಬ್ಬರಾದರೋ ಶೀತದಲ್ಲಿಯೂ ಮೃದುವಾಗಿರುವಂತೆ ಹದಗೊಂಡದ್ದು. ನಮ್ಮ ಚಾಲಕರು 'ಬಟನ್' ಎಂದು ಕರೆಯುವ ಉಬ್ಬುಭಾಗಗಳಲ್ಲಿ ಕೂದಲೆಳೆಯಂತಹ ಸೀಳುಗಳು ನೂರಾರು ಇರುತ್ತವೆ; ಅವು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಫಿನ್ಲೆಂಡ್ ದೇಶದವರು 1934ರಲ್ಲಿ ಲಾರಿಗಳಿಗೂ, 1936ರಲ್ಲಿ ಕಾರುಗಳಿಗೂ ಇಂತಹ ಟೈರನ್ನು ತಯಾರಿಸಿದರು. ಜರ್ಮನಿಯಲ್ಲಿ ಅಕ್ಟೋಬರ್ ತಿಂಗಳಿನಿಂದ ಈಸ್ಟರ್ ಹಬ್ಬದವರೆಗೆ ಇವನ್ನು ಹಾಕಿಕೊಳ್ಳುವುದು ರೂಢಿ. ಉಳಿದ ಕಾಲದಲ್ಲಿ ಅವನ್ನು ಕಾಪಾಡಿಕೊಡುವ ಅಂಗಡಿಗಳಿಗೆ 'ಟೈರು ಹೋಟೆಲು' ಎಂಬ ಹೆಸರಿದೆ! ಹಿಮ ಅಥವಾ ಮಂಜುಗಡ್ಡೆಯಿರುವ ರಸ್ತೆಯಲ್ಲಿ ತಕ್ಕ ಟೈರಿಲ್ಲದೆ ಓಡಿಸಿದವರಿಗೆ 60 ಯೂರೋ ದಂಡ. ಪರ್ವತದ ಚಿತ್ರದೊಳಗೆ ಹಿಮಕಣವಿರುವ ಮುದ್ರೆ ಟೈರಿನ ಮೇಲಿರಬೇಕೆಂಬುದು 2024ರ ಅಕ್ಟೋಬರದಿಂದ ಕಡ್ಡಾಯವಾಗಿದೆ.

ಆ ಮನೆಯ ಯಜಮಾನರು ದಾವಣಗೆರೆಯ ಕಡೆಯವರು, ಎಂಜಿನಿಯರು. ಹೆಸರು ಕೇಳರಿಯದ ಕಂಪನಿಯೊಂದರ ಅತ್ಯಗ್ಗದ ನಾಲ್ಕು ಟೈರುಗಳನ್ನು ಆರಿಸಿಟ್ಟಿದ್ದರು. ಹೆಸರಾಂತ ಟೈರುಗಳಿಗಿಂತ ಸುಮಾರು 200 ಯೂರೋ ಕಡಿಮೆ. "ಹಿಮ ಬೀಳುವುದು ವರ್ಷದಲ್ಲಿ ಕೆಲವೇ ದಿನ, ಗುರುಗಳೇ. ಹಿಮಕಣದ ಮುದ್ರೆ ಇದರ ಮೇಲೂ ಇದೆ. ಉಳಿದ ಹಣ ಊರಿನಲ್ಲಿ ತಂಗಿಯ ಕಾಲೇಜು ಶುಲ್ಕಕ್ಕಾಗುತ್ತದೆ" ಎಂದರು. ಅವರ ಧರ್ಮಪತ್ನಿ ಒಲೆಯ ಮುಂದಿನಿಂದಲೇ, "ಮಗುವನ್ನು ಶಿಶುವಿಹಾರಕ್ಕೆ ದಿನವೂ ಆ ಕಾರಿನಲ್ಲಿ ಕರೆದೊಯ್ಯುವವಳು ನಾನು" ಎಂದಷ್ಟೇ ಹೇಳಿದರು. ದುಂದುವೆಚ್ಚವನ್ನು ನಿಂದಿಸುವುದು ಸುಲಭ. ಒಡಹುಟ್ಟಿದವಳ ವಿದ್ಯೆಗಾಗಿ ಹಣ ಉಳಿಸುವವನಿಗೆ ಬುದ್ಧಿ ಹೇಳುವುದು ಸುಲಭವಲ್ಲ. ಆದ್ದರಿಂದ ಆ ವಾಹನ ಸಂಘದವರ ಪರೀಕ್ಷಾ ವರದಿಗಳನ್ನು ಅವರಿಂದಲೇ ಓದಿಸಿ, ಅರ್ಥ ಹೇಳಿಸಿಕೊಂಡು ಕೇಳಿದೆವು.

ಅದರಿಂದ ತಿಳಿದುಬಂದ ಮುಖ್ಯ ಸಂಗತಿಯೆಂದರೆ, ಆ ಮುದ್ರೆಯು ಕೇವಲ ಉತ್ತೀರ್ಣತೆಯ ಗುರುತು, ದರ್ಜೆಯ ಗುರುತಲ್ಲ. ಹಿಮದ ಮೇಲೆ ಇಷ್ಟಾದರೂ ಹಿಡಿತವುಂಟು ಎಂದು ಅದು ಸಾರುತ್ತದೆ, ನೀರಿನ ಮೇಲೆ ಹೇಗೆ ಎಂಬುದನ್ನು ಹೇಳುವುದಿಲ್ಲ. ಅಲ್ಲಿನ ಚಳಿಗಾಲದ ಹೆಚ್ಚು ದಿನಗಳಲ್ಲಿ ರಸ್ತೆಯ ಮೇಲಿರುವುದಾದರೋ ಹಿಮವಲ್ಲ, ಕೊರೆಯುವ ನೀರು. ಹಿಮದಲ್ಲಿ ತೃಪ್ತಿಕರವಾಗಿ ಓಡುವ ಅತ್ಯಗ್ಗದ ಟೈರು ಒದ್ದೆ ಡಾಂಬರಿನ ಮೇಲೆ ಬ್ರೇಕು ಹಾಕಿದಾಗ ಸೋಲುವುದನ್ನು ಇಂತಹ ಪರೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. ಹಿಮಕ್ಕೂ ನೀರಿಗೂ ಒಗ್ಗುವಂತೆ ಒಂದೇ ರಬ್ಬರನ್ನು ಹದಗೊಳಿಸುವುದಕ್ಕೇ ಹಣವೂ ಪರಿಶ್ರಮವೂ ಬೇಕಾಗುವುದು. ಹಾಗೆಂದು ಅಗ್ಗದ ಟೈರು ಸರ್ವಥಾ ತ್ಯಾಜ್ಯವೆನ್ನಲಾಗದು. ಬೇಸಿಗೆಯ ಟೈರಿನಲ್ಲಿ ಹಿಮಕ್ಕಿಳಿಯುವುದಕ್ಕಿಂತ ಅದೇ ಮೇಲು.

ಬ್ರೇಕಿನ ಅಂತರವು ತುಸು ಹೆಚ್ಚಾದರೆ ಏನಾದೀತು ಎನ್ನುವವರಿಗೆ ಒಂದು ಸರಳ ಲೆಕ್ಕ. ಗಂಟೆಗೆ 50 ಕಿಲೋಮೀಟರ್ ವೇಗದ ಎರಡು ಕಾರುಗಳು ಒಟ್ಟಿಗೆ ಬ್ರೇಕು ಹಾಕಿದುವೆಂದು ತಿಳಿಯೋಣ. ಒಂದು 30 ಮೀಟರಿನಲ್ಲಿ ನಿಲ್ಲುತ್ತದೆ, ಇನ್ನೊಂದಕ್ಕೆ 40 ಮೀಟರ್ ಬೇಕು. ಮೊದಲನೆಯದು ನಿಂತ ಸ್ಥಳಕ್ಕೆ ಬಂದಾಗ ಎರಡನೆಯದರ ಚಲನಶಕ್ತಿಯಲ್ಲಿ ಇನ್ನೂ ಕಾಲುಭಾಗ ಉಳಿದಿರುತ್ತದೆ. ಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ, ಕಾಲುಭಾಗ ಶಕ್ತಿಯೆಂದರೆ ಅರ್ಧ ವೇಗ. ಅಂದರೆ ಆ ಕಾರು ಅಲ್ಲಿ 25 ಕಿಲೋಮೀಟರ್ ವೇಗದಲ್ಲಿ ಸಾಗುತ್ತಲೇ ಇರುತ್ತದೆ. ಎದುರಿಗೆ ರಸ್ತೆ ದಾಟುವ ಮಗುವಿದ್ದರೆ? ಎಂಜಿನಿಯರರು ಕಾಗದದ ಮೇಲೆ ತಾವೇ ಈ ಲೆಕ್ಕವನ್ನು ಎರಡು ಬಾರಿ ಮಾಡಿ ನೋಡಿದರು.

ಹಾಗೆಂದು ಅತಿ ದುಬಾರಿಯದನ್ನೇ ಕೊಳ್ಳಬೇಕೆಂದಿಲ್ಲ. ದೊಡ್ಡ ಸಂಸ್ಥೆಗಳೇ ನಡುಬೆಲೆಯಲ್ಲಿ ಬೇರೆ ಹೆಸರಿನ ಟೈರುಗಳನ್ನು ಮಾರುತ್ತವೆ; ಕಾಂಟಿನೆಂಟಲ್ ಸಂಸ್ಥೆಯ ಸೆಂಪೆರಿಟ್, ಮಿಷೆಲಿನ್ ಸಂಸ್ಥೆಯ ಕ್ಲೇಬರ್ ಅಂಥವು. ಹಾಲೆಂಡಿನ ವ್ರೆಡೆಸ್ಟೈನ್ ಕಂಪನಿಯನ್ನಂತೂ 2009ರಲ್ಲಿ ನಮ್ಮ ದೇಶದ ಅಪೋಲೊ ಸಂಸ್ಥೆಯೇ ಕೊಂಡಿತು. ಯೂರೋಪಿನಲ್ಲಿ ಟೈರಿನೊಡನೆ ಬರುವ ಚೀಟಿಯಲ್ಲಿ ಒದ್ದೆ ರಸ್ತೆಯ ಹಿಡಿತಕ್ಕೆ ಎ ಯಿಂದ ಇ ವರೆಗೆ ಅಕ್ಷರವಿರುತ್ತದೆ. ಹಿಮಕಣದ ಮುದ್ರೆಯ ಜೊತೆಗೆ ಆ ಅಕ್ಷರವನ್ನೂ ನೋಡತಕ್ಕದ್ದು. ಚಳಿಗಾಲದ ಟೈರು ಓಡುವಷ್ಟು ಕಾಲ ಬೇಸಿಗೆಯ ಟೈರು ಸವೆಯದೆ ಉಳಿಯುತ್ತದೆ. ಆದ್ದರಿಂದ ಬೆಲೆಯ ವ್ಯತ್ಯಾಸವನ್ನು ನಾಲ್ಕು ಚಳಿಗಾಲಗಳಿಗೆ ಹಂಚಿದರೆ, 200 ಯೂರೋ ಎಂಬುದು ವರ್ಷಕ್ಕೆ 50 ಆಗುತ್ತದೆ. ನಡುಬೆಲೆಯ ಟೈರಿಗೆ ಅದಕ್ಕಿಂತಲೂ ಕಡಿಮೆ. ಆ ಮನೆಯವರು ಕೊನೆಗೆ ನಡುಬೆಲೆಯದನ್ನೇ ಕೊಂಡರು. ತಂಗಿಯ ಶುಲ್ಕವೂ ಸಕಾಲದಲ್ಲಿ ಸಂದಿತು.

ಉಳಿತಾಯದ ಹೆಸರಿನಲ್ಲಿ ಮುಂದಿನ ಎರಡು ಗಾಲಿಗಳಿಗೆ ಮಾತ್ರ ಚಳಿಗಾಲದ ಟೈರು ಹಾಕಿಸುವುದು ಅಪಾಯಕರ. ತಿರುವಿನಲ್ಲಿ ಹಿಂಭಾಗ ಜಾರಿ ಕಾರು ಸುತ್ತಿಬಿಡಬಹುದು. ಬಳಸಿದ ಟೈರನ್ನು ಕೊಳ್ಳುವವರು ಬಟನ್ ಆಳವನ್ನು ಅಳೆಯಲಿ. ಕಾನೂನಿಗೆ 1.6 ಮಿಲಿಮೀಟರ್ ಸಾಕಾದರೂ ಹಿಮದಲ್ಲಿ 4 ಮಿಲಿಮೀಟರಿಗಿಂತ ಕಡಿಮೆಯಾದುದು ಬೇಡವೆನ್ನುತ್ತಾರೆ ಬಲ್ಲವರು. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳು ಅದರ ಜನ್ಮದಿನಾಂಕ: 3823 ಎಂದಿದ್ದರೆ 2023ನೆಯ ವರ್ಷದ 38ನೆಯ ವಾರ.