48 ಡಿಗ್ರಿ ಬಿಸಿಲಲ್ಲಿ ನಿಂತುಹೋದ ಫ್ಯಾನ್

2016ರ ಮೇ 20, ಶುಕ್ರವಾರ. ಅಹಮದಾಬಾದಿನಲ್ಲಿ ಅಂದು ತಾಪಮಾನ 48 ಡಿಗ್ರಿ ಮುಟ್ಟಿತು. 1916ರಿಂದ ಯಾವ ಬೇಸಿಗೆಗೂ ಬಗ್ಗದಿದ್ದ 47.8 ಡಿಗ್ರಿಯ ದಾಖಲೆ ಮುರಿಯಿತು. ಅದೇ ಮಧ್ಯಾಹ್ನ ನಾವು ವಡೋದರಾದಿಂದ ಇದೇ ಊರಿನ ನವರಂಗಪುರ ಬಡಾವಣೆಯ ಮನೆಗೆ ಕಾರಿನಲ್ಲಿ ಹೊರಟಿದ್ದೆವು. ನಾನು, ಹೆಂಡತಿ, ಧಾರವಾಡದಿಂದ ಬಂದಿದ್ದ ಎಪ್ಪತ್ತು ದಾಟಿದ ಅಪ್ಪ.

93 ಕಿಲೋಮೀಟರಿನ ಎಕ್ಸ್‌ಪ್ರೆಸ್ ವೇ ಉದ್ದಕ್ಕೂ ಗಾಡಿ ಒಂದು ಕ್ಷಣವೂ ತೊಂದರೆ ಕೊಡಲಿಲ್ಲ. ಎಸಿ ತಣ್ಣಗೆ ಬೀಸುತ್ತಿತ್ತು, ಟೆಂಪರೇಚರ್ ಮುಳ್ಳು ನಡುಮಧ್ಯದಲ್ಲಿತ್ತು. ಊರು ಹೊಕ್ಕು, ಸಾಬರಮತಿ ದಾಟಿ, ಸಿ.ಜಿ. ರಸ್ತೆಯ ದಟ್ಟಣೆಯಲ್ಲಿ ಸಿಕ್ಕಿಕೊಂಡೆವು. ಎಸಿಯಿಂದ ಬಿಸಿಗಾಳಿ ಬಂತು. ಮುಳ್ಳು ಅಲುಗಿತು, ಏರಿತು, ಕೆಂಪು ಗೆರೆಯ ಕಡೆಗೆ ಹೊರಟಿತು.

ಕಾರಣ ಆ ಗಳಿಗೆಯಲ್ಲೇ ಹೊಳೆಯಿತು. ವೇಗವಾಗಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಂಪಾಗಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಹೆದ್ದಾರಿಯಲ್ಲಿ ಇಂಜಿನ್ ಕಾದರೆ ಕೂಲಂಟ್, ಥರ್ಮೋಸ್ಟಾಟ್, ವಾಟರ್ ಪಂಪಿನ ಮೇಲೆ ಅನುಮಾನ ಪಡಬೇಕು. ಸಿಗ್ನಲ್ಲಿನಲ್ಲಿ ಮಾತ್ರ ಕಾದು, ಜೊತೆಗೆ ಎಸಿಯೂ ಸೋತರೆ ಮೊದಲ ಅನುಮಾನ ಫ್ಯಾನಿನ ಮೇಲೆ. ಎಸಿಯ ಕಂಡೆನ್ಸರಿಗೂ ಗಾಳಿ ಎಳೆಯುವುದು ಅದೇ ಫ್ಯಾನು. ಅಂದಿನ ಬಿಸಿಲು ಬೇರೆ! 25 ಡಿಗ್ರಿಯ ಗಾಳಿಗೂ 95 ಡಿಗ್ರಿಯ ಕೂಲಂಟಿಗೂ 70 ಡಿಗ್ರಿಯ ಅಂತರ. 48ರ ಗಾಳಿಗೆ ಉಳಿಯುವುದು 47 ಮಾತ್ರ. ಶಾಖ ಹೊರದೂಡುವ ಶಕ್ತಿಯಲ್ಲಿ ಮೂರರಲ್ಲೊಂದು ಪಾಲು ಹೋಯಿತು.

ಎಸಿ ಆರಿಸಿದೆ. ಕಿಟಕಿ ಇಳಿಸಿದೆ. ಬೆಂಕಿಯಂಥ ಗಾಳಿ ನುಗ್ಗಿತು. ಮುಳ್ಳು ನಿಲ್ಲಲಿಲ್ಲ. ಮುಂದೆ ಬಸ್ಸು, ಹಿಂದೆ ರಿಕ್ಷಾಗಳ ಹಾರ್ನು. ಇನ್ನೊಂದು ಉಪಾಯವಿತ್ತು. ಹೀಟರನ್ನು ಪೂರ್ತಿ ತಿರುಗಿಸಿದರೆ ಇಂಜಿನ್ನಿನ ಶಾಖ ಒಂದಷ್ಟು ಕಾರಿನೊಳಕ್ಕೆ ಹರಿದು ಬರುತ್ತದೆ, ಇಂಜಿನ್ ಉಳಿಯುತ್ತದೆ. ಕೈ ಗುಂಡಿಯ ಮೇಲಿತ್ತು.

"ರೀ, ಮಾವನವರ ಮೈ ಮುಟ್ಟಿ ನೋಡ್ರಿ! ಸುಡಾಕತ್ತದ, ಬೆವರೇ ಇಲ್ಲ!"

ಹಿಂದೆ ತಿರುಗಿದೆ. ಅಪ್ಪನ ಕಣ್ಣು ಅರೆಮುಚ್ಚಿತ್ತು. ಆ ಜೀವದ ಮೇಲೆ ಹೀಟರ್ ಬಿಡಲು ಸಾಧ್ಯವೇ? ಇಂಜಿನ್ ಆರಿಸಿದೆ. ಅಪಾಯದ ದೀಪಗಳು ಮಿನುಗಿದವು.

ರಿಕ್ಷಾ ಚಾಲಕನೊಬ್ಬ ಹಾರ್ನು ಬಿಟ್ಟು ಓಡಿಬಂದ. ಇನ್ನಿಬ್ಬರು ಕೈಜೋಡಿಸಿದರು. ಇಂಜಿನ್ ಆರಿದ ಗಾಡಿಯ ಸ್ಟೀರಿಂಗ್ ಕಲ್ಲಾಗುತ್ತದೆ, ಬ್ರೇಕ್ ಎರಡು ಮೂರು ಒತ್ತಿನಲ್ಲೇ ಬಿಗಿಯುತ್ತದೆ. ಇಡೀ ಮೈಭಾರ ಹಾಕಿ ತಿರುಗಿಸುತ್ತ, ಕಾರನ್ನು ರಸ್ತೆ ಬದಿಯ ಬೇವಿನ ಮರದ ಕೆಳಗೆ ತಳ್ಳಿದೆವು. ಅಪ್ಪನನ್ನು ಎತ್ತಿ ಪಕ್ಕದ ಅಂಗಡಿಯೊಳಗೆ ಮಲಗಿಸಿದೆವು.

ಅಂಗಡಿಯೊಡತಿಗೆ ಏನು ಮಾಡಬೇಕೆಂದು ಯಾರೂ ಹೇಳಬೇಕಾಗಲಿಲ್ಲ. ಒದ್ದೆ ಬಟ್ಟೆಯನ್ನು ಕುತ್ತಿಗೆಗೆ, ಕಂಕುಳಿಗೆ ಹಾಕಿ, ಫ್ಯಾನು ಎದುರಿಗಿಟ್ಟು, 108ಕ್ಕೆ ಕರೆ ಮಾಡಿಸಿದರು. ಈ ಊರು ಬಿಸಿಲಿನ ಪಾಠವನ್ನು ಸಾವಿನಿಂದ ಕಲಿತಿದೆ. 2010ರ ಮೇ ತಿಂಗಳಲ್ಲಿ ಇಲ್ಲಿ ವಾಡಿಕೆಗಿಂತ 1,344 ಸಾವುಗಳು ಹೆಚ್ಚಾದವು. ಆ ನೋವಿನಿಂದಲೇ 2013ರಲ್ಲಿ ಅಹಮದಾಬಾದ್ ಮಹಾನಗರಪಾಲಿಕೆ ದಕ್ಷಿಣ ಏಷ್ಯಾದ ಮೊದಲ ಬಿಸಿಲಲೆ ಕಾರ್ಯಯೋಜನೆಯನ್ನು ಜಾರಿಗೆ ತಂದಿತು. ಅದರ ಪ್ರಕಾರ 45 ಡಿಗ್ರಿ ಮುಟ್ಟಿದರೆ ಕೆಂಪು ಎಚ್ಚರಿಕೆ. ಆಂಬುಲೆನ್ಸ್ ಬರುವ ಹೊತ್ತಿಗೆ ಅಪ್ಪ ಕಣ್ಣು ಬಿಟ್ಟಿದ್ದರು. "ತಮ್ಮಾ, ನೀರು ಕೊಡಪಾ" ಎಂದರು. ಪರೀಕ್ಷಿಸಿದ ಸಿಬ್ಬಂದಿ ಅವರನ್ನು ಆಸ್ಪತ್ರೆಗೆ ಕರೆದೊಯ್ದರು, ಹೆಂಡತಿ ಜೊತೆಗೆ ಹೋದಳು.

ಈಗ ಗಾಡಿ. ಬಾನೆಟ್ ಅಂಚಿನಿಂದ ಆವಿ ಏಳುತ್ತಿತ್ತು. ನಾನು ರೇಡಿಯೇಟರಿನತ್ತ ಬಾಗುತ್ತಿದ್ದಂತೆ ರಿಕ್ಷಾದವನು ಕೂಗಿದ. "ಭಾಯ್, ಢಾಂಕಣು ನಾ ಖೋಲ್ತಾ!" ಮುಚ್ಚಳ ತೆಗೆಯಬೇಡ! ಒತ್ತಡದಲ್ಲಿರುವ ಕೂಲಂಟು ನೂರು ಡಿಗ್ರಿ ದಾಟಿಯೂ ಕುದಿಯದೆ ಕಾದಿರುತ್ತದೆ. ಕೂಗುತ್ತಿರುವ ಕುಕ್ಕರಿನ ಮುಚ್ಚಳ ಕಿತ್ತಂತೆ, ತೆರೆದೊಡನೆ ಮುಖಕ್ಕೇ ಚಿಮ್ಮುತ್ತದೆ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರಿಯಬಹುದು. ಕಾಯುವುದೊಂದೇ ದಾರಿ.

ಇಂಜಿನ್ ತಣಿದ ಮೇಲೆ ಹುಡುಕಾಟ. ಫ್ಯೂಸ್ ಡಬ್ಬಿ ತೆರೆದೆವು. ಫ್ಯಾನಿನ ದೊಡ್ಡ ಫ್ಯೂಸು ಸುಟ್ಟಿರಲಿಲ್ಲ. ಫ್ಯಾನಿಗೆ ಕರೆಂಟು ಹರಿಸುವ ಸ್ವಿಚ್ಚು, ಅಂದರೆ ರಿಲೇ, ಕೆಟ್ಟಿದೆಯೇ? ಹಾರ್ನಿನ ರಿಲೇ ಅದೇ ನಮೂನೆಯದು. ಕಿತ್ತು ಫ್ಯಾನಿನ ಜಾಗಕ್ಕೆ ಚುಚ್ಚಿ, ಕೀ ತಿರುಗಿಸಿ ಎಸಿ ಹಾಕಿದೆ. ಟಕ್ ಎಂದಿತು. ಫ್ಯಾನು ತಿರುಗಲಿಲ್ಲ! ಅಂದರೆ ರಿಲೇಗೆ ಆಜ್ಞೆ ಬರುತ್ತಿದೆ. ಹಾಗಾದರೆ ಮೋಟಾರೇ ಸತ್ತಿದೆಯೇ? ಕೀ ತೆಗೆದು ಫ್ಯಾನಿನ ಪ್ಲಗ್ ಬಿಚ್ಚಿದೆವು. ಇಂಜಿನ್ ಆರಿದ್ದರೂ ಫ್ಯಾನು ತಟ್ಟನೆ ತಿರುಗಬಹುದು, ಪ್ಲಗ್ ಬಿಚ್ಚದೆ ಬೆರಳಿಡಬಾರದು. ಬ್ಯಾಟರಿಯಿಂದ ನೇರವಾಗಿ ಎರಡು ತಂತಿ ಎಳೆದು ಮುಟ್ಟಿಸಿದೆ.

ಗರ್ರ್ ಎಂದು ಫ್ಯಾನು ತಿರುಗಿತು!

ಮೋಟಾರು ಜೀವಂತ. ಕಳ್ಳ ಮೋಟಾರಿನ ತಂತಿಗಳಲ್ಲೇ ಎಲ್ಲೋ ಇದ್ದಾನೆ. ಪ್ಲಗ್ಗನ್ನು ಬೆಳಕಿಗೆ ಹಿಡಿದೆ. ಅರ್ತಿಂಗ್ ತಂತಿಯ ಪಿನ್ನು ಕಪ್ಪಾಗಿ ಕರಗಿತ್ತು. ಫ್ಯಾನು ಎಳೆಯುವ ಕರೆಂಟು ದೊಡ್ಡದು. ಕೂಡಿಕೆ ಒಂಚೂರು ಸಡಿಲವಾದರೂ ಅಲ್ಲಿ ಶಾಖ ಹುಟ್ಟುತ್ತದೆ, ಶಾಖದಿಂದ ಪಿನ್ನು ಇನ್ನೂ ಸಡಿಲವಾಗುತ್ತದೆ, ಕೊನೆಗೆ ಸುಡುತ್ತದೆ. ರಿಕ್ಷಾದವನು ತನ್ನ ಡಬ್ಬಿಯಿಂದ ದಪ್ಪ ತಂತಿ ತೆಗೆದ. ಸುಟ್ಟ ತುದಿ ಕತ್ತರಿಸಿ, ಹೊಸ ಅರ್ತಿಂಗ್ ಕೊಟ್ಟು, ಟೇಪು ಸುತ್ತಿದೆವು. ರಿಲೇಗಳು ತಮ್ಮ ಜಾಗಕ್ಕೆ ಮರಳಿದವು. ಕೂಲಂಟ್ ಟ್ಯಾಂಕಿಗೆ ನಿಧಾನವಾಗಿ ನೀರು ತುಂಬಿ ಇಂಜಿನ್ ಹಚ್ಚಿ ಎಸಿ ಒತ್ತಿದೆ. ಫ್ಯಾನು ತಿರುಗಿತು. ಮುಳ್ಳು ನಡುವಿನಲ್ಲೇ ನಿಂತಿತು. ನಾನು ನೇರವಾಗಿ ಆಸ್ಪತ್ರೆಗೆ ಓಡಿಸಿದೆ. ಅಪ್ಪ ಎದ್ದು ಕೂತಿದ್ದರು.

ಇನ್ನೊಂದಿಷ್ಟು ದೂರ ಹಾಗೇ ಓಡಿಸಿದ್ದರೆ ಅಲ್ಯೂಮಿನಿಯಮ್ ಸಿಲಿಂಡರ್ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಹೋಗುತ್ತಿತ್ತು. ಅದಕ್ಕಾದರೂ ರಿಪೇರಿ ಇದೆ. ಕಾದ ಗಾಡಿಯಲ್ಲಿ ಬಳಲಿದ ಮುದಿಜೀವಕ್ಕೆ ಅಂಥ ಎರಡನೆಯ ಅವಕಾಶ ಇರುವುದಿಲ್ಲ.

ಕಲಬುರಗಿ, ರಾಯಚೂರು, ವಿಜಯಪುರದ ಓದುಗರೇ, ನಿಮ್ಮ ಮೇ ತಿಂಗಳೂ ಸೌಮ್ಯವಲ್ಲ. ಬೇಸಿಗೆ ಕಾಲಿಡುವ ಮೊದಲೇ ಇಂಜಿನ್ ಹಚ್ಚಿ, ಎಸಿ ಹಾಕಿ, ಬಾನೆಟ್ ತೆರೆದು ಫ್ಯಾನು ತಿರುಗುವುದನ್ನು ಕಣ್ಣಾರೆ ನೋಡಿ. ಗಾಡಿ ತಣ್ಣಗಿರುವಾಗ ಕೂಲಂಟ್ ಮಟ್ಟ ನೋಡಿ. ಫ್ಯಾನಿನ ಪ್ಲಗ್ ಕಪ್ಪಾಗಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ಪರೀಕ್ಷೆ ಮಾಡಿಸಿ. ದಾರಿಯಲ್ಲಿ ಮುಳ್ಳು ಏರಿದರೆ ಮನೆ ಹತ್ತಿರವಿದೆ ಎಂದು ಓಡಿಸಬೇಡಿ. ಗಾಡಿ ನಿಲ್ಲಿಸಿ, ಒಳಗಿರುವ ವೃದ್ಧರನ್ನೂ ಮಕ್ಕಳನ್ನೂ ಮೊದಲು ನೆರಳಿಗೆ ಇಳಿಸಿ.